ಈಸೂರಿನ ಗ್ರಾಮಾಡಳಿತ ಮತ್ತು 1942ರ ಸ್ವಾತಂತ್ರ್ಯ ಘೋಷಣೆ

ಮೈಸೂರು ಸಂಸ್ಥಾನದ ಆಡಳಿತವು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳೆಂಬ ಶ್ರೇಣಿಯಲ್ಲಿ ನಡೆಯುತ್ತಿತ್ತು. ಗ್ರಾಮಮಟ್ಟದಲ್ಲಿ ಪಟೇಲನು ಕಂದಾಯ ವಸೂಲಿಗೆ ಹೊಣೆಗಾರನಾಗಿದ್ದರೆ, ಶ್ಯಾನುಭೋಗನು ಜಮೀನಿನ ಲೆಕ್ಕಪತ್ರಗಳ ದಫ್ತರವನ್ನು ನಿರ್ವಹಿಸುತ್ತಿದ್ದನು. ತಾಲ್ಲೂಕಿನ ಅಮಲ್ದಾರನಿಗೆ ಕಂದಾಯದ ಅಧಿಕಾರದೊಂದಿಗೆ ದಂಡಾಧಿಕಾರವೂ ಇತ್ತು. ಆದುದರಿಂದ ರೈತನ ಪಾಲಿಗೆ ಸರ್ಕಾರವೆಂದರೆ ದೂರದ ಅರಮನೆಯಲ್ಲ. ಅಮಲ್ದಾರ ಹಾಗೂ ಪೊಲೀಸ್ ಸಬ್‌ಇನ್ಸ್‌ಪೆಕ್ಟರ್. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ಕೈಗೊಂಡ ಕ್ರಮವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

1938ರ ಏಪ್ರಿಲ್‌ನಲ್ಲಿ ನಡೆದ ಶಿವಪುರದ ಧ್ವಜ ಸತ್ಯಾಗ್ರಹ ಮತ್ತು ವಿದುರಾಶ್ವತ್ಥದ ಗೋಲಿಬಾರ್ ಘಟನೆಗಳ ತರುವಾಯ ಜವಾಬ್ದಾರಿ ಸರ್ಕಾರದ ಬೇಡಿಕೆ ಸಂಸ್ಥಾನದ ಹಳ್ಳಿಗಳನ್ನೂ ಮುಟ್ಟಿತ್ತು. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಅಂಗೀಕೃತವಾದ ಕ್ವಿಟ್ ಇಂಡಿಯಾ ನಿರ್ಣಯವು ಅದಕ್ಕೆ ಹೊಸ ವೇಗವನ್ನು ನೀಡಿತು. ಸಾಹುಕಾರ್ ಬಸವಣ್ಣೆಪ್ಪನವರ ಮುಂದಾಳುತನದಲ್ಲಿ ಈಸೂರಿನ ಜನರು ಕಂದಾಯ ನಿರಾಕರಿಸಿ, ಪಟೇಲ ಹಾಗೂ ಶ್ಯಾನುಭೋಗರಿಂದ ದಫ್ತರವನ್ನು ಕಸಿದುಕೊಂಡರು. ವೀರಭದ್ರೇಶ್ವರ ದೇವಾಲಯದ ಮೇಲೆ ತ್ರಿವರ್ಣ ಧ್ವಜವನ್ನೇರಿಸಿ ಊರನ್ನು ಸ್ವತಂತ್ರವೆಂದು ಘೋಷಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂಬ ಫಲಕವನ್ನು ಊರಿನ ಬಾಗಿಲಲ್ಲಿ ತೂಗುಹಾಕಿದರು. ಸಂಸ್ಥಾನದಾದ್ಯಂತ ಕೇಳಿಬರುತ್ತಿದ್ದ ರಾಜಕೀಯ ಬೇಡಿಕೆಯನ್ನೇ ಈ ಫಲಕವು ತಿರುಗಿಸಿ ನುಡಿಯುತ್ತದೆ ಎಂಬುದು ಗಮನಾರ್ಹ.

ಹೊಸ ವ್ಯವಸ್ಥೆಯಲ್ಲಿ ಬಾಲಕ ಜಯಣ್ಣನನ್ನು ಅಮಲ್ದಾರನನ್ನಾಗಿಯೂ ಮಲ್ಲಪ್ಪನೆಂಬ ಮತ್ತೊಬ್ಬ ಹುಡುಗನನ್ನು ಸಬ್‌ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಲಾಯಿತು. ಅಪ್ರಾಪ್ತ ವಯಸ್ಕರು ಕಠಿಣ ಶಿಕ್ಷೆಗೆ ಗುರಿಯಾಗಲಾರರೆಂಬ ಎಣಿಕೆ ಇದರ ಹಿಂದಿತ್ತೆಂದು ಹೇಳಲಾಗುತ್ತದೆ. ಗ್ರಾಮಸ್ಥರು ಆಡಳಿತದ ಸ್ವರೂಪವನ್ನು ತೊಡೆದುಹಾಕಲಿಲ್ಲ. ಅದೇ ಹುದ್ದೆಗಳನ್ನು ಅದೇ ಹೆಸರಿನಲ್ಲಿ ಉಳಿಸಿಕೊಂಡು, ನೇಮಿಸುವ ಅಧಿಕಾರವನ್ನು ಮಾತ್ರ ತಮ್ಮದಾಗಿಸಿಕೊಂಡರು. ಹೀಗಾಗಿ ಈ ಪ್ರಸಂಗವನ್ನು ಕೇವಲ ದಂಗೆಯೆಂದು ಪರಿಗಣಿಸುವುದು ಅಸಮರ್ಪಕ.

1942ರ ಸೆಪ್ಟೆಂಬರ್ 28ರಂದು ಅಮಲ್ದಾರ್ ಚೆನ್ನಕೃಷ್ಣಪ್ಪ ಮತ್ತು ಸಬ್‌ಇನ್ಸ್‌ಪೆಕ್ಟರ್ ಕೆಂಚೇಗೌಡ ಅವರು ಪೊಲೀಸರೊಂದಿಗೆ ಗ್ರಾಮವನ್ನು ಪ್ರವೇಶಿಸಿದರು. ಗಾಂಧಿ ಟೋಪಿ ಧರಿಸುವಂತೆ ಜನರು ಒತ್ತಾಯಿಸಿದಾಗ ವಾಗ್ವಾದ ಬೆಳೆದು ಗುಂಡು ಹಾರಿತು. ಉದ್ರಿಕ್ತ ಜನರ ಕೈಯಲ್ಲಿ ಇಬ್ಬರೂ ಅಧಿಕಾರಿಗಳು ಹತರಾದರು. ಅಹಿಂಸೆಯ ಧ್ವಜದಡಿಯಲ್ಲಿ ಆರಂಭವಾದ ಪ್ರಯೋಗವು ಅಂದಿಗೆ ಕುಸಿಯಿತು. ಸರ್ಕಾರದ ಪಡೆಗಳು ಬಂದಾಗ ಜನರು ಕಾಡು ಸೇರಿದರು; ಮನೆಗಳು ಲೂಟಿಯಾದವು.

ವಿಚಾರಣೆಯ ನಂತರ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ ಹಾಗೂ ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮಹಿಳೆಯರೂ ಜೀವಾವಧಿ ಶಿಕ್ಷೆಗೆ ಒಳಗಾದರು.

ಈ ದಂಡನೆಯನ್ನು ವಿಧಿಸಿದ್ದು ನೇರ ಬ್ರಿಟಿಷ್ ಆಡಳಿತವಲ್ಲ, ದೇಶೀಯ ಸಂಸ್ಥಾನ. ಮಾದರಿ ರಾಜ್ಯವೆಂಬ ಕೀರ್ತಿಗೆ ಪಾತ್ರವಾಗಿದ್ದ ಮೈಸೂರಿನ ಇತಿಹಾಸವನ್ನು ಬರೆಯುವಾಗ ಈ ಸಂಗತಿಯನ್ನು ಬದಿಗಿಡಲಾಗದು. ಕೆ.ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರ ಮೈಸೂರಿನಲ್ಲಿ ಅಧಿಕಾರಕ್ಕೆ ಬಂದದ್ದು 1947ರ ಅಕ್ಟೋಬರ್‌ನಲ್ಲಿ. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬ ಘೋಷಣೆಯು ಅದಕ್ಕೆ ಐದು ವರ್ಷ ಮೊದಲೇ ಆಳುವ ಹಕ್ಕು ಯಾರದೆಂಬ ಪ್ರಶ್ನೆಯನ್ನು ಒಂದು ಗ್ರಾಮದ ಮಟ್ಟದಲ್ಲಿ ಎತ್ತಿತ್ತು.