ಮಾದಕ ವಸ್ತು ಪ್ರಕರಣ ಮತ್ತು ಪೂರ್ವಾಪರ ಪರಿಶೀಲನೆ: ದಂಡಿನಶಿವರ ಸೀಮೆಯಿಂದ ಒಂದು ನೋಟ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಹೋಬಳಿಯ ಹುಡುಗನೊಬ್ಬ ಸಿಆರ್‌ಪಿಎಫ್‌ಗೋ ರಕ್ಷಣಾ ಕಾರ್ಖಾನೆಗೋ ಆಯ್ಕೆಯಾದರೆ, ಅವನ ಪೂರ್ವಾಪರ ವಿಚಾರಿಸುವ ಕಾಗದ ಕೊನೆಗೆ ಬಂದು ನಿಲ್ಲುವುದು ಸ್ಥಳೀಯ ಪೊಲೀಸ್ ಠಾಣೆಯಲ್ಲಿ. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಮೇಲೆ, ಕೊಬ್ಬರಿಯ ಈ ಸೀಮೆಗೆ ಅಂಥ ಕಾಗದ ದೂರದ ಮಾತಲ್ಲ. ಹಿಂದೊಮ್ಮೆ ಗಾಂಜಾ ಸೇದಿದವನ ಅರ್ಹತೆ ಅಲ್ಲಿ ಹೇಗೆ ತೀರ್ಮಾನವಾಗುತ್ತದೆ?

ಅಮೆರಿಕದಲ್ಲಿ ಭದ್ರತಾ ಅನುಮತಿ ಬಯಸುವವರು ತುಂಬುವ ಎಸ್‌ಎಫ್-86 ನಮೂನೆ, ಕಳೆದ 7 ವರ್ಷಗಳಲ್ಲಿ ಮಾದಕ ವಸ್ತು ಬಳಸಿದ್ದೀರಾ ಎಂದು ನೇರವಾಗಿಯೇ ಕೇಳುತ್ತದೆ. ನಮ್ಮ ಕೇಂದ್ರ ಸರ್ಕಾರದ ಅಟೆಸ್ಟೇಷನ್ ಫಾರಂ ಕೇಳುವುದೇ ಬೇರೆ: ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ಮುಚ್ಚಳಿಕೆ ಬರೆಸಿಕೊಂಡಿದ್ದರೇ, ನ್ಯಾಯಾಲಯ ದಂಡ ಹಾಕಿತ್ತೇ, ಶಿಕ್ಷೆಯಾಗಿತ್ತೇ. ಸೇವನೆಯ ಪ್ರಸ್ತಾಪವೇ ಇಲ್ಲ. ವರ್ಷಗಟ್ಟಲೆ ಸೇದಿಯೂ ಸಿಕ್ಕಿಬೀಳದವನು ಎಲ್ಲಕ್ಕೂ ‘ಇಲ್ಲ’ ಎಂದು ಬರೆಯಬಹುದು. ಅದರಲ್ಲಿ ಸುಳ್ಳೂ ಇರುವುದಿಲ್ಲ. ಒಂದೇ ಸಲ ಸೇದಿ ಸಿಕ್ಕಿಬಿದ್ದವನಿಗೆ ಆ ದಾರಿಯಿಲ್ಲ.

1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಗಾಂಜಾ ಸೇವನೆಗೆ 6 ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕೇಸು ಮುಗಿಯಿತು, ಕೋರ್ಟಿಗೆ ಅಲೆಯುವುದು ತಪ್ಪಿತು ಎಂದುಕೊಳ್ಳುವುದು ಸುಲಭ. ಅಲೆದಾಟ ತಪ್ಪುತ್ತದೆ, ನಿಜ. ಆದರೆ ಕಾನೂನಿನ ಲೆಕ್ಕದಲ್ಲಿ ಅಪರಾಧ ಸಾಬೀತಾದಂತೆಯೇ. ಫಾರಂ ಮುಂದಿಟ್ಟುಕೊಂಡು ಕೂತಾಗ ಮೊಕದ್ದಮೆ, ದಂಡ, ಶಿಕ್ಷೆ ಎಂಬ ಮೂರು ಸಾಲಿಗೂ ‘ಹೌದು’ ಎಂದೇ ಬರೆಯಬೇಕು. ಅದೇ ಕಾಯ್ದೆಯ 64ಎ ಕಲಂ, ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 33ನೇ ಕಲಂ ವಯಸ್ಕ ಅಪರಾಧಿಗಳಲ್ಲಿ ಬಹುತೇಕರಿಗೆ ಪ್ರೊಬೇಷನ್ ನಿರಾಕರಿಸಿದರೂ 27ನೇ ಕಲಮಿನವರನ್ನು ಹೊರಗಿಟ್ಟಿಲ್ಲ. ದಂಡ ಕಟ್ಟುವ ಮುನ್ನ ವಕೀಲರು ಹೇಳಬೇಕಾದ ಮಾತುಗಳಿವು. ಆದರೂ ಬಂಧನ ನಡೆದಿದ್ದರೆ ಆ ಒಂದು ಸಾಲಿನ ಉತ್ತರವನ್ನು ಯಾವ ಕಲಮೂ ಬದಲಿಸದು.

ಹಾಗೆಂದು ಮುಚ್ಚಿಟ್ಟರೆ? 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಇದನ್ನೇ ವಿಚಾರಿಸಿತು. ಎಳೆಯ ವಯಸ್ಸಿನ ಸಣ್ಣಪುಟ್ಟ ತಪ್ಪನ್ನು ಮುಚ್ಚಿಟ್ಟಿದ್ದರೆ ನೇಮಕಾಧಿಕಾರಿ ಮನ್ನಿಸಬಹುದು. ಕ್ಷುಲ್ಲಕವಲ್ಲದ ಪ್ರಕರಣದಲ್ಲಿ ಶಿಕ್ಷೆಯಾಗಿದ್ದರೆ ನೇಮಕ ರದ್ದುಮಾಡಬಹುದು. ಮುಚ್ಚಿಟ್ಟ ಆರೋಪ ಹೊರಿಸಬೇಕಾದರೆ ಫಾರಂನ ಪ್ರಶ್ನೆ ನಿಖರವಾಗಿರಬೇಕು ಎಂದೂ ಪೀಠ ಹೇಳಿತು. ಅಭ್ಯರ್ಥಿಗೆ ಸಿಕ್ಕ ದೊಡ್ಡ ಆಸರೆ ಇದೇ. ಆದರೆ ನಿಜ ಹೇಳಿದವನಿಗೂ ನೌಕರಿ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಗಾಂಜಾ ಸೇವನೆ ‘ಸಣ್ಣಪುಟ್ಟ’ದ್ದೋ ಅಲ್ಲವೋ ಎಂಬುದು ಹೀಗೆ ಅಧಿಕಾರಿಯ ವಿವೇಚನೆಗೇ ಬಿದ್ದಿದೆ. ಶಿಸ್ತಿನ ಪಡೆಗಳಲ್ಲಿ ಆ ವಿವೇಚನೆ ಬಿಗಿಯಾಗಿರುವುದು ಸಹಜ.

ಹದಿನೆಂಟು ತುಂಬುವ ಮುಂಚೆ ಸಿಕ್ಕಿಬಿದ್ದವರ ಸ್ಥಿತಿ ಬೇರೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಅನರ್ಹತೆಯನ್ನು ತೊಡೆದುಹಾಕಿ, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೂ ನಾಶಪಡಿಸುವಂತೆ ವಿಧಿಸುತ್ತದೆ. ಹದಿನೇಳಕ್ಕೆ ಸಿಕ್ಕವನಿಗೆ ಇರುವ ಈ ರಕ್ಷಣೆ ಹತ್ತೊಂಬತ್ತರವನಿಗೆ ಇಲ್ಲ. ಅವನು ಚಿಕಿತ್ಸೆ ಮುಗಿಸಿ ಗುಣವಾಗಿದ್ದರೂ ಫಾರಂ ವಿವರ ಕೇಳುವುದು ಕೇಸಿನದ್ದು ಮಾತ್ರ. ಚಿಕಿತ್ಸೆಯದ್ದಕ್ಕೆ ಅಲ್ಲಿ ಅಂಕಣವಿಲ್ಲ.