ಎಲ್ಯೂಸಿಸ್‌ನ ಧಾನ್ಯದೇವತೆ

ಗ್ರೀಸ್ ದೇಶದ ಅಥೆನ್ಸ್ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಎಲ್ಯೂಸಿಸ್, ಧಾನ್ಯವನ್ನೂ ನೆಲದ ಫಲವತ್ತತೆಯನ್ನೂ ಕರುಣಿಸುವ ದೇವತೆ ಡಿಮೀಟರಳ ಪುರಾತನ ಕ್ಷೇತ್ರ. ಪಾತಾಳದ ಒಡೆಯನು ಮಗಳನ್ನು ಅಪಹರಿಸಿದಾಗ ಈ ತಾಯಿ ಶೋಕಿಸಿದಳು, ಭೂಮಿ ಬರಡಾಯಿತು. ಮಗಳು ಮರಳಿದಾಗ ಪೈರು ಚಿಗುರಿತು ಎಂಬುದು ಪುರಾಣಕಥೆ. ಇಲ್ಲಿನ ರಹಸ್ಯದೀಕ್ಷೆಗೆ ಸ್ತ್ರೀಯರಿಗೂ ಗುಲಾಮರಿಗೂ ಪ್ರವೇಶವಿತ್ತು, ಕೊಲೆಗಾರರಿಗೆ ಇರಲಿಲ್ಲ.

ಆದರೆ ದೀಕ್ಷಾರ್ಥಿಗಳು ಹಂದಿಮರಿಯನ್ನು ಸಮುದ್ರದಲ್ಲಿ ತೊಳೆದು ಬಲಿಕೊಡುತ್ತಿದ್ದರು. ಇದೇ ಕ್ಷೇತ್ರದ ಇನ್ನೊಂದು ಪರಂಪರೆಯನ್ನು ವಾಚಕರು ಗಮನಿಸಬೇಕು. ಮಾಂಸಾಹಾರವನ್ನು ವಿರೋಧಿಸಿ ಗ್ರಂಥ ಬರೆದ 3ನೆಯ ಶತಮಾನದ ತತ್ತ್ವಜ್ಞಾನಿ ಪೋರ್ಫಿರಿ, ದೇವಿಯಿಂದ ಬೇಸಾಯ ಕಲಿತ ಟ್ರಿಪ್ಟೊಲೆಮಸನ ಮೂರು ವಿಧಿಗಳು ಎಲ್ಯೂಸಿಸ್‌ನಲ್ಲಿ ಉಳಿದುಬಂದಿದ್ದವೆಂದು ಪೂರ್ವಿಕ ಕ್ಸೆನೊಕ್ರಾಟಿಸನ ಆಧಾರದಿಂದ ಹೇಳುತ್ತಾನೆ. ತಂದೆತಾಯಿಗಳನ್ನು ಗೌರವಿಸುವುದು, ದೇವತೆಗಳಿಗೆ ಫಲಗಳನ್ನು ಅರ್ಪಿಸುವುದು, ಪ್ರಾಣಿಗಳನ್ನು ಹಿಂಸಿಸದಿರುವುದು. ಬಲಿಯೂ ಅಹಿಂಸೆಯ ವಿಧಿಯೂ ಒಂದೇ ಪ್ರಾಕಾರದೊಳಗೆ! ಕ್ರೈಸ್ತಮತವನ್ನು ಖಂಡಿಸಿ ಇದೇ ಪೋರ್ಫಿರಿ ಬರೆದ ಕೃತಿಯನ್ನು 448ರಲ್ಲಿ ರಾಜಾಜ್ಞೆಯಂತೆ ಸುಡಲಾಯಿತು.

364ರಲ್ಲಿ ಚಕ್ರವರ್ತಿ ವ್ಯಾಲೆಂಟಿನಿಯನ್ ರಾತ್ರಿಯ ಬಲಿಗಳನ್ನು ನಿಷೇಧಿಸಿದನು. ಈ ವ್ರತವಿಲ್ಲದೆ ಗ್ರೀಕರಿಗೆ ಬಾಳು ದುಸ್ಸಹವೆಂದು ಅಲ್ಲಿನ ರಾಜ್ಯಪಾಲ ಪ್ರೆಟೆಕ್ಸ್ಟಾಟಸ್ ಅರಿಕೆ ಮಾಡಿಕೊಂಡುದರಿಂದ ಎಲ್ಯೂಸಿಸ್‌ಗೆ ವಿನಾಯಿತಿ ದೊರಕಿತು. 392ರಲ್ಲಿ ಥಿಯೊಡೋಸಿಯಸನು ಹಳೆಯ ಪೂಜೆಗಳೆಲ್ಲವನ್ನೂ ನಿಷೇಧಿಸಿದನು. 396ರಲ್ಲಿ ಅಲಾರಿಕನ ಗೋಥ್ ಸೇನೆ ಗ್ರೀಸ್‌ಗೆ ನುಗ್ಗಿದ ಬಳಿಕ ಕ್ಷೇತ್ರ ಹಾಳುಬಿದ್ದಿತು.

ರೈತನ ಭಕ್ತಿಗೆ ಮಾತ್ರ ಯಾವ ಶಾಸನವೂ ತಟ್ಟಲಿಲ್ಲ. 1801ರಲ್ಲಿ ಕೇಂಬ್ರಿಡ್ಜ್‌ನ ವಿದ್ವಾಂಸ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಅಲ್ಲಿಗೆ ಬಂದಾಗ, ಎರಡು ಟನ್ನಿಗೂ ಮಿಗಿಲಾದ ಭಗ್ನ ಶಿಲಾಪ್ರತಿಮೆಯೊಂದು ಗೊಬ್ಬರದ ರಾಶಿಯಲ್ಲಿ ಕುತ್ತಿಗೆಯವರೆಗೆ ಹೂತಿತ್ತು. ಅದು ತಿರಸ್ಕಾರವಲ್ಲ, ಪೂಜೆ. ತಮ್ಮ ಹೊಲಗಳ ಫಲ ಆ ಮೂರ್ತಿಯಿಂದಲೇ ಎಂದು ಕ್ರೈಸ್ತರಾದ ಗ್ರಾಮಸ್ಥರು ನಂಬಿದ್ದರು, ಹಬ್ಬದ ದಿನ ಅದರ ಮುಂದೆ ದೀಪವಿಡುತ್ತಿದ್ದರು. ಕ್ಲಾರ್ಕ್ ಅಟೋಮನ್ ಅಧಿಕಾರಿಯ ಅನುಮತಿ ಪಡೆದು ಅದನ್ನು ಸಾಗಿಸಿದನು. ಅನುಮತಿ ಕೊಟ್ಟವನಿಗೆ ಆ ಹೊಲಗಳ ಚಿಂತೆಯಿರಲಿಲ್ಲ. ಒಯ್ಯುವ ಹಡಗು ಮುಳುಗುವುದೆಂದು ಗ್ರಾಮಸ್ಥರು ನುಡಿದಿದ್ದರು. ಇಂಗ್ಲೆಂಡಿನ ತೀರದ ಬಳಿ ಅದು ಒಡೆದದ್ದೂ ನಿಜ. ಪ್ರತಿಮೆ ಮಾತ್ರ ಪಾರಾಗಿ ಇಂದು ಕೇಂಬ್ರಿಡ್ಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದೆ.

ಅದು ಡಿಮೀಟರಳ ಮೂರ್ತಿಯೇ ಅಲ್ಲವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ ರೋಮನ್ ಅಧಿಕಾರಿ ಆಪಿಯಸ್ ಕ್ಲಾಡಿಯಸ್ ಪುಲ್ಕರ್ ಕಟ್ಟಿಸಲಾರಂಭಿಸಿದ ಮಹಾದ್ವಾರದಲ್ಲಿ ನಿಂತಿದ್ದ, ಪವಿತ್ರ ಕರಂಡಕವನ್ನು ತಲೆಯ ಮೇಲೆ ಹೊತ್ತ ಸ್ತ್ರೀಯರಿಬ್ಬರಲ್ಲಿ ಆಕೆ ಒಬ್ಬಳು. ಇನ್ನೊಬ್ಬಳು ಎಲ್ಯೂಸಿಸ್‌ನಲ್ಲಿಯೇ ಇದ್ದಾಳೆ.