ಶಿಕಾಗೊದ ಶಾಲೆಗಳೂ ಎಲಾ ಫ್ಲ್ಯಾಗ್ ಯಂಗ್ ಉಳಿಸಿಹೋದ ಕಾಗದಗಳೂ

1862ರಲ್ಲಿ ಶಿಕಾಗೊ ನಗರದ ಫಾಸ್ಟರ್ ಶಾಲೆಗೆ ಹೊಸ ಟೀಚರೊಬ್ಬರು ಬಂದರು. ವಯಸ್ಸು 17. ಅವರ ಪಾಲಿಗೆ ಬಂದದ್ದು ಬೇರೆ ಯಾರೂ ಬೇಡವೆನ್ನುವಂಥ ತರಗತಿ. ಊರಾಚೆ ದನ ಕಾದುಕೊಂಡು, ಬಿಡುವಾದಾಗ ಶಾಲೆಗೆ ಬಂದು ಕೂರುವ ಹುಡುಗರು ಅಲ್ಲಿದ್ದರು. ಅವರಲ್ಲಿ ಕೆಲವರು ಟೀಚರಿಗಿಂತ ದೊಡ್ಡವರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಮಿಚಿಗನ್ ಸರೋವರದ ದಂಡೆಯ ಆ ಪಟ್ಟಣದಲ್ಲಿ ಎರಡು ವರ್ಷದ ಹಿಂದೆ ಜನಗಣತಿಯವರು ಎಣಿಸಿದ್ದು ಒಂದು ಲಕ್ಷಕ್ಕೆ ತುಸು ಮೇಲ್ಪಟ್ಟ ಜನ. 1910ರ ಹೊತ್ತಿಗೆ ಅದೇ ಊರಿನ ಜನಸಂಖ್ಯೆ 21 ಲಕ್ಷ ದಾಟಿತ್ತು, ಅದರ ಎಲ್ಲ ಸರಕಾರಿ ಶಾಲೆಗಳ ಮೇಲಧಿಕಾರಿಯ ಕುರ್ಚಿಯಲ್ಲಿ ಅದೇ ಟೀಚರು ಕುಳಿತಿದ್ದರು. ಅಮೆರಿಕದ ಯಾವ ದೊಡ್ಡ ನಗರದಲ್ಲೂ ಅದುವರೆಗೆ ಹೆಂಗಸೊಬ್ಬರು ಶಾಲಾ ಸೂಪರಿಂಟೆಂಡೆಂಟ್ ಆಗಿರಲಿಲ್ಲ. ಅವರ ಹೆಸರು ಎಲಾ ಫ್ಲ್ಯಾಗ್ ಯಂಗ್.

ಎಲಾ ಹುಟ್ಟಿದ್ದು 1845ರ ಜನವರಿ 15ರಂದು, ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ. ಸ್ಕಾಟಿಷ್ ಮೂಲದ, ದೈವಭಕ್ತಿಯ, ದುಡಿದು ಉಣ್ಣುವ ಮನೆತನ. ತಂದೆ ತಗಡಿನ ಕೆಲಸದಲ್ಲಿ ನುರಿತ ಕುಶಲಕರ್ಮಿ. ಮಗುವಿನ ಮೈ ಸೂಕ್ಷ್ಮವೆಂದು ಶಾಲೆಗೆ ಕಳಿಸದೆ ತೋಟದಲ್ಲಿ ಆಡಿಕೊಂಡಿರಲು ಬಿಟ್ಟರು. ಎಂಟೊಂಬತ್ತು ವರ್ಷದವರೆಗೂ ಎಲಾಗೆ ಓದು ಬರುತ್ತಿರಲಿಲ್ಲ. ಒಂದು ದಿನ ತಾಯಿ ಪತ್ರಿಕೆಯಲ್ಲಿ ಬಂದ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿ ಹೇಳಿದರು: ಎಲ್ಲಿಯೋ ಒಂದು ಶಾಲೆ ಬೆಂಕಿಗೆ ಆಹುತಿಯಾಗಿತ್ತು. ಕೇಳಿದ್ದು ಮಗುವಿನ ಮನಸ್ಸಿನಲ್ಲಿ ನಾಟಿತು. ಆಮೇಲೆ ಆ ಪತ್ರಿಕೆಯನ್ನೇ ಕೈಗೆತ್ತಿಕೊಂಡು, ನೆನಪಿನಲ್ಲಿದ್ದ ಮಾತನ್ನು ಅಚ್ಚಿನ ಅಕ್ಷರಗಳಿಗೆ ಹೊಂದಿಸುತ್ತ, ಒಂದೊಂದೇ ಪದವನ್ನು ಗುರುತು ಹಿಡಿಯುತ್ತ ತಾನೇ ಓದಲು ಕಲಿತಳು. ಉರಿದುಹೋದ ಶಾಲೆಯ ಸುದ್ದಿಯೇ ಅವಳ ಮೊದಲ ಪಾಠವಾಯಿತು.

1858ರಲ್ಲಿ ಫ್ಲ್ಯಾಗ್ ಕುಟುಂಬ ಶಿಕಾಗೊಗೆ ಬಂತು. ಹದಿನೈದರ ವಯಸ್ಸಿಗೇ ಎಲಾ ಶಿಕ್ಷಕರ ಪರೀಕ್ಷೆಗೆ ಕೂತು ಪಾಸಾದರು, ಆದರೆ ಕೆಲಸ ಕೊಡಲು ವಯಸ್ಸು ಸಾಲದು. ಆಗಿನ ಸೂಪರಿಂಟೆಂಡೆಂಟ್ ವಿಲಿಯಂ ವೆಲ್ಸ್ ಅವರ ಸಲಹೆಯಂತೆ ಶಿಕ್ಷಕರ ತರಬೇತಿಯ ನಾರ್ಮಲ್ ಸ್ಕೂಲು ಸೇರಿದರು. ಇದಕ್ಕೆ ಅಡ್ಡಿ ಹೇಳಿದ್ದು ತಾಯಿ. ಮಗಳು ಬುದ್ಧಿವಂತೆ, ನಿಜ. ಆದರೆ ಮಕ್ಕಳೊಡನೆ ಬೆರೆತು ಅಭ್ಯಾಸವಿಲ್ಲ, ಚಿಕ್ಕ ಮಕ್ಕಳ ಕಷ್ಟ ಇವಳಿಗೆ ತಿಳಿಯುವುದೆ ಎಂಬುದು ಆ ತಾಯಿಯ ಅನುಮಾನ. ಮಗಳು ವಾದಕ್ಕೆ ನಿಲ್ಲಲಿಲ್ಲ. ಪರಿಚಯದ ಟೀಚರೊಬ್ಬರ ತರಗತಿಗೆ ಹೋಗಿ ಕೂತು, ಮಕ್ಕಳೊಡನೆ ತನಗೆ ಹೊಂದಿಕೆಯಾಗುತ್ತದೆಯೆ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಂಡರು. ನಾರ್ಮಲ್ ಸ್ಕೂಲಿನಲ್ಲಿ ಅಭ್ಯಾಸ ಪಾಠದ ಏರ್ಪಾಡೇ ಸರಿಯಾಗಿ ಇಲ್ಲದಿದ್ದ ದಿನಗಳವು. ಟೀಚರಾದ ಮೂರು ವರ್ಷದಲ್ಲಿ, 1865ರಲ್ಲಿ, ನಾರ್ಮಲ್ ಸ್ಕೂಲಿನ ಅಭ್ಯಾಸ ಶಾಲೆಯ ಮುಖ್ಯಸ್ಥರ ಹೊಣೆ ಅವರಿಗೇ ಬಂತು.

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳನ್ನು ಬೇಗ ಹೇಳಿಬಿಡಬಹುದು. 1868ರಲ್ಲಿ ವಿಲಿಯಂ ಯಂಗ್ ಎಂಬ ವ್ಯಾಪಾರಿಯೊಡನೆ ಮದುವೆ. ಆತ ಕಾಯಿಲೆಯವರು, ಐದು ವರ್ಷದಲ್ಲಿ ತೀರಿಕೊಂಡರು. ಎಲಾ ಮರುಮದುವೆ ಆಗಲಿಲ್ಲ. ನಾರ್ಮಲ್ ಸ್ಕೂಲಿನಲ್ಲಿ ಗಣಿತ ಕಲಿಸಿದರು, ಸ್ಕ್ಯಾಮನ್ ಶಾಲೆಯಲ್ಲಿಯೂ ಸ್ಕಿನ್ನರ್ ಶಾಲೆಯಲ್ಲಿಯೂ ಪ್ರಿನ್ಸಿಪಾಲರಾದರು, 1887ರಲ್ಲಿ ಸಹಾಯಕ ಸೂಪರಿಂಟೆಂಡೆಂಟ್ ಹುದ್ದೆಗೆ ಏರಿದರು.

ಅವರ ಬದುಕಿನ ಗಂಟು ಬೀಳುವುದು ಈ ಹುದ್ದೆಯಲ್ಲಿ. ಊರು ಬೆಳೆದಷ್ಟೂ ಶಾಲಾ ಆಡಳಿತ ಮೇಲಿಂದ ಬಿಗಿಯಾಗುತ್ತಿತ್ತು. ಪಠ್ಯಕ್ರಮ ಮೇಲಿನ ಕಚೇರಿಯಿಂದ ಬರುವುದು, ಪುಸ್ತಕ ಅಲ್ಲಿಂದಲೇ ಬರುವುದು, ಎಷ್ಟು ದಿನದಲ್ಲಿ ಎಷ್ಟು ಪುಟ ಮುಗಿಸಬೇಕೆಂಬ ಆಜ್ಞೆಯೂ ಅಲ್ಲಿಂದಲೇ ಬರುವುದು. ಟೀಚರು ಪಾಲಿಸಬೇಕು, ಮೇಲ್ವಿಚಾರಕರು ಬಂದು ಪಾಲಿಸಿದ್ದಾರೆಯೆ ಎಂದು ನೋಡಬೇಕು. ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದರೆ ಇಡೀ ಶಾಲೆ ಉಸಿರು ಬಿಗಿಹಿಡಿದು ಕಾಯುತ್ತಿದ್ದುದನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲಾ ಸ್ವತಃ ಅಂಥ ಅಧಿಕಾರಿ, ಶಿಸ್ತಿನಲ್ಲಿ ಕಟ್ಟುನಿಟ್ಟು. ಹಾಗಿದ್ದೂ ತಮ್ಮ ವಿಭಾಗದ ಶಿಕ್ಷಕರನ್ನು ಕೂರಿಸಿ, ಶಾಲೆಯ ವಿಷಯದಲ್ಲಿ ಅವರ ಅಭಿಪ್ರಾಯ ಕೇಳುವ ಪದ್ಧತಿಯನ್ನು ಅವರು ಬೆಳೆಸಿದರು. 1898ರಲ್ಲಿ ಬೆಂಜಮಿನ್ ಆಂಡ್ರೂಸ್ ಸೂಪರಿಂಟೆಂಡೆಂಟ್ ಆಗಿ ಬಂದರು. ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು, ವಿದ್ವಾಂಸರು. ಆದರೆ ಎಲ್ಲವೂ ತಮ್ಮ ಅಪ್ಪಣೆಯಂತೆಯೇ ನಡೆಯಬೇಕೆನ್ನುವವರು. 1899ರಲ್ಲಿ ಎಲಾ ರಾಜೀನಾಮೆ ಕೊಟ್ಟರು. ಕೈಗೆ ಬಂದ ಆದೇಶವನ್ನು ಕೈಕೆಳಗಿನವರಿಗೆ ದಾಟಿಸುವುದಷ್ಟೇ ತನ್ನ ಕೆಲಸವಾದರೆ ಆ ಕುರ್ಚಿ ತನಗೆ ಬೇಡ ಎಂಬುದು ಅವರ ನಿಲುವು. ವಯಸ್ಸು ಐವತ್ತನಾಲ್ಕು. ನಿವೃತ್ತಿಯ ಮಾತಾಡುವ ಆ ವಯಸ್ಸಿನಲ್ಲಿ ಅವರು ವಿಶ್ವವಿದ್ಯಾಲಯದತ್ತ ಹೊರಟರು.

ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಆಗ ಜಾನ್ ಡ್ಯೂಯಿ ಇದ್ದರು. ಮುಂದೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಅಂಬೇಡ್ಕರ್ ಅವರಿಗೆ ಗುರುವಾದ ಡ್ಯೂಯಿ ಇವರೇ. ತಮಗಿಂತ ಹದಿನಾಲ್ಕು ವರ್ಷ ದೊಡ್ಡವರಾದ ಈ ಶಿಷ್ಯೆಯಿಂದ ತಾವು ಬಹಳಷ್ಟು ಕಲಿತೆವೆಂದು ಡ್ಯೂಯಿ ಒಪ್ಪಿಕೊಂಡರು. ಅದು ಸೌಜನ್ಯದ ಮಾತಲ್ಲ. ಡ್ಯೂಯಿ ಅವರಲ್ಲಿ ತತ್ವವಿತ್ತು. ಒಂದು ಮಹಾನಗರದ ನೂರಾರು ತರಗತಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಏನು ನಡೆಯುತ್ತದೆಂಬುದು ಎಲಾಗೆ ಗೊತ್ತಿತ್ತು. 1900ರಲ್ಲಿ ಅವರಿಗೆ ಡಾಕ್ಟರೇಟ್ ಬಂತು.

ಆ ಪದವಿಗಾಗಿ ಬರೆದ ಪ್ರಬಂಧವನ್ನು ವಿಶ್ವವಿದ್ಯಾಲಯ 1901ರಲ್ಲಿ ತನ್ನ ಶಿಕ್ಷಣ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಅಚ್ಚು ಹಾಕಿತು. ಹೆಸರು ‘ಐಸೊಲೇಷನ್ ಇನ್ ದಿ ಸ್ಕೂಲ್’. ನೂರು ಪುಟದ ಆಸುಪಾಸಿನ ಸಣ್ಣ ಪುಸ್ತಕ. ಎಲಾ ಉಳಿಸಿಹೋದ ಕಾಗದಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೇ ಎಂದು ನನ್ನ ತೀರ್ಮಾನ. ಶಾಲೆಯಲ್ಲಿ ಪ್ರತಿಯೊಬ್ಬರೂ ಒಂಟಿಯಾಗಿದ್ದಾರೆ ಎಂಬುದು ಅದರ ತಿರುಳು. ಒಂದು ತರಗತಿಗೂ ಮುಂದಿನ ತರಗತಿಗೂ ಸಂಬಂಧವಿಲ್ಲ, ಪ್ರಾಥಮಿಕ ಶಾಲೆಗೂ ಹೈಸ್ಕೂಲಿಗೂ ಇಲ್ಲ. ಎಲ್ಲಕ್ಕಿಂತ ಆಳವಾದ ಬಿರುಕು ಯೋಚಿಸುವವರಿಗೂ ಮಾಡುವವರಿಗೂ ನಡುವೆ ಬಿದ್ದಿದೆ. ಮೇಲೆ ಕೂತ ನಾಲ್ಕು ಜನ ಯೋಚಿಸುತ್ತಾರೆ. ಸಾವಿರಾರು ಶಿಕ್ಷಕರು ಕಾರ್ಖಾನೆಯ ಆಳುಗಳಂತೆ ಹೇಳಿದಷ್ಟು ಮಾಡುತ್ತಾರೆ. ಇಂಥ ಶಿಕ್ಷಕರು ಪ್ರಜಾಪ್ರಭುತ್ವದ ಪ್ರಜೆಗಳನ್ನು ಬೆಳೆಸಬೇಕೆಂದು ನಾಡು ಬಯಸುತ್ತದೆ. ತನ್ನ ಕೆಲಸದ ಬಗ್ಗೆ ಬಾಯಿ ತೆರೆಯುವ ಹಕ್ಕೇ ಇಲ್ಲದವರು ಸ್ವಂತ ಬುದ್ಧಿಯಿಂದ ನಡೆಯುವುದನ್ನು ಮಕ್ಕಳಿಗೆ ಹೇಗೆ ಕಲಿಸಿಯಾರು?

ಪುಸ್ತಕ ದೂರಿಗೆ ನಿಲ್ಲುವುದಿಲ್ಲ, ದಾರಿಯನ್ನೂ ತೋರಿಸುತ್ತದೆ. ಶಾಲೆಗಳಲ್ಲಿ ಶಿಕ್ಷಕರ ಮಂಡಳಿಗಳಿರಬೇಕು, ಅವುಗಳಿಂದ ಆರಿಸಿ ಬಂದವರ ಕೇಂದ್ರ ಮಂಡಳಿಯೊಂದು ಇರಬೇಕು. ಅಲ್ಲಿ ಹುದ್ದೆಯ ಬಲಕ್ಕೆ ಬೆಲೆ ಇರಕೂಡದು, ವಿಚಾರದ ಬಲಕ್ಕೆ ಮಾತ್ರ ಇರಬೇಕು. ಎಲ್ಲರ ಮಾತು ಕೇಳಿದ ಮೇಲೆ ಕಾರ್ಯಕ್ಕೆ ತರುವ ಹೊಣೆ ಸೂಪರಿಂಟೆಂಡೆಂಟರದು. ಬರವಣಿಗೆ ಒರಟು, ವಾಕ್ಯಗಳು ಉದ್ದ, ಓದಲು ತಾಳ್ಮೆ ಬೇಕು. ಆದರೆ ಮೂವತ್ತೇಳು ವರ್ಷ ಶಾಲೆಗಳಲ್ಲಿ ಕಣ್ಣಾರೆ ಕಂಡದ್ದನ್ನು ಬರೆದವರ ಗಟ್ಟಿತನ ಪುಟಪುಟದಲ್ಲೂ ಇದೆ.

ಡ್ಯೂಯಿ 1904ರಲ್ಲಿ ವಿಶ್ವವಿದ್ಯಾಲಯ ಬಿಟ್ಟಾಗ ಅಲ್ಲಿ ಪ್ರಾಧ್ಯಾಪಕರಾಗಿದ್ದ ಎಲಾ ಕೂಡ ಹೊರಬಂದರು. ಇದು ಎರಡನೆಯ ರಾಜೀನಾಮೆ. ಮರುವರ್ಷ ಶಿಕಾಗೊ ನಾರ್ಮಲ್ ಸ್ಕೂಲಿಗೆ ಪ್ರಿನ್ಸಿಪಾಲರಾಗಿ ಹೋದರು. 1909ರಲ್ಲಿ ಸೂಪರಿಂಟೆಂಡೆಂಟ್ ಹುದ್ದೆ ತೆರವಾಯಿತು. ಹಲವು ಹೆಸರುಗಳು ಬಂದವು, ಶಿಕ್ಷಣ ಮಂಡಳಿಯವರಲ್ಲಿ ಒಮ್ಮತವಾಗಲಿಲ್ಲ. ಕೊನೆಗೆ ಜುಲೈ 29ರಂದು ಎಲಾ ಫ್ಲ್ಯಾಗ್ ಯಂಗ್ ಅವರನ್ನು ಆರಿಸಿದರು. ವರ್ಷಕ್ಕೆ 10,000 ಡಾಲರ್ ಸಂಬಳ, ಸುಮಾರು 6,000 ಶಿಕ್ಷಕರು, 3 ಲಕ್ಷದ ಹತ್ತಿರ ಮಕ್ಕಳು. ಇಷ್ಟು ದೊಡ್ಡ ಇಲಾಖೆಯನ್ನು ಕೈಗೆ ತೆಗೆದುಕೊಂಡ ಆ ಹೆಂಗಸಿಗೆ ತನ್ನ ಊರಿನ ಮೇಯರ್ ಯಾರಾಗಬೇಕೆಂದು ಮತ ಹಾಕುವ ಹಕ್ಕು ಆಗ ಇರಲಿಲ್ಲ.

ಮರುವರ್ಷ ಬಾಸ್ಟನ್ನಿನಲ್ಲಿ ರಾಷ್ಟ್ರೀಯ ಶಿಕ್ಷಣ ಸಂಘದ ಅಧಿವೇಶನ ಸೇರಿತು. ಅಧ್ಯಕ್ಷ ಸ್ಥಾನಕ್ಕೆ ನಾಮಕರಣ ಸಮಿತಿ ಗಂಡಸೊಬ್ಬರ ಹೆಸರು ಸೂಚಿಸಿತ್ತು. ಸಂಘ ಹುಟ್ಟಿದ ಐವತ್ತು ವರ್ಷಗಳಿಂದಲೂ ನಡೆದುಬಂದ ರೂಢಿಯದು. ಸದಸ್ಯರಲ್ಲಿ ಟೀಚರಮ್ಮಂದಿರೇ ದಂಡಿಯಾಗಿದ್ದರೂ ವೇದಿಕೆ ಗಂಡಸರದಾಗಿತ್ತು. ಈ ಸಲ ಸಭೆಯ ನಡುವಿನಿಂದ ಎಲಾ ಹೆಸರು ಎದ್ದುಬಂತು, ಮತಕ್ಕೆ ಹಾಕಿದಾಗ ಗೆದ್ದಿತು. ಸಂಘಕ್ಕೆ ಅವರು ಮೊದಲ ಮಹಿಳಾ ಅಧ್ಯಕ್ಷರು.

ಪ್ರಬಂಧದಲ್ಲಿ ಬರೆದದ್ದನ್ನು ಅಧಿಕಾರ ಬಂದಾಗ ಮರೆಯಲಿಲ್ಲ ಎಂಬುದಕ್ಕಾಗಿಯೇ ನಾನು ಇವರನ್ನು ಹಿರಿಯರೆನ್ನುತ್ತೇನೆ. ಶಿಕ್ಷಕರ ಮಂಡಳಿಗಳನ್ನು ನಗರದಾದ್ಯಂತ ಏರ್ಪಡಿಸಿದರು. ಮಾರ್ಗರೆಟ್ ಹೇಲಿ ಮುನ್ನಡೆಸುತ್ತಿದ್ದ ಶಿಕಾಗೊ ಶಿಕ್ಷಕರ ಒಕ್ಕೂಟವನ್ನು ಶಿಕ್ಷಣ ಮಂಡಳಿಯ ವ್ಯಾಪಾರಸ್ಥ ಸದಸ್ಯರು ಶತ್ರುವೆಂದು ಕಂಡರೆ, ಎಲಾ ಅದರೊಡನೆ ಕೂತು ಮಾತಾಡಿದರು. ದುಡಿಯುವವರ ಮಕ್ಕಳಿಗೆ ಕಸುಬಿನ ಶಾಲೆಗಳನ್ನು ಬೇರೆ ಆಡಳಿತದ ಕೆಳಗೆ ತೆರೆಯುವ ಮಸೂದೆ ಬಂದಾಗ ಅದನ್ನು ವಿರೋಧಿಸಿದರು. ಕೈಕೆಲಸದ ಶಿಕ್ಷಣ ಬೇಕು, ಆದರೆ ಮಕ್ಕಳನ್ನು ಎರಡು ಜಾತಿ ಮಾಡಬಾರದು ಎಂಬುದು ಅವರ ವಾದ. 1913ರಲ್ಲಿ ಹೈಸ್ಕೂಲು ಮಕ್ಕಳಿಗೆ ಶರೀರದ ಬಗ್ಗೆ, ಲೈಂಗಿಕ ಆರೋಗ್ಯದ ಬಗ್ಗೆ ವೈದ್ಯರಿಂದ ಉಪನ್ಯಾಸ ಕೊಡಿಸಿದರು. ಅಮೆರಿಕದ ದೊಡ್ಡ ನಗರವೊಂದು ಇಂಥದಕ್ಕೆ ಕೈ ಹಾಕಿದ್ದು ಅದೇ ಮೊದಲು. ಧಾರ್ಮಿಕರೂ ಸಂಪ್ರದಾಯಸ್ಥರೂ ಸಿಟ್ಟಾದರು, ಉಪನ್ಯಾಸಗಳು ಮುಂದುವರಿಯಲಿಲ್ಲ.

ಆ ವರ್ಷವೇ ಕಲಹ ಬಯಲಿಗೆ ಬಿತ್ತು. ತಮ್ಮ ಕೆಲಸದಲ್ಲಿ ಮಂಡಳಿಯ ಸದಸ್ಯರು ಹೆಜ್ಜೆಹೆಜ್ಜೆಗೂ ಕೈಹಾಕುವುದನ್ನು ಸಹಿಸದೆ ಜುಲೈಯಲ್ಲಿ ಎಲಾ ರಾಜೀನಾಮೆ ಬರೆದರು. ಊರೆಲ್ಲ ಒತ್ತಾಯಿಸಿದ್ದರಿಂದ ಹಿಂತೆಗೆದುಕೊಂಡರು. ಡಿಸೆಂಬರಿನಲ್ಲಿ ಅವಧಿ ನವೀಕರಣದ ಪ್ರಶ್ನೆ ಬಂತು. ಸದಸ್ಯರು ಗುಪ್ತ ಮತದಾನ ನಡೆಸಿದರು. ಎದುರಿಗೆ ಒಂದು ಮಾತೂ ಆಡದವರು ಚೀಟಿಯಲ್ಲಿ ಕೈಬಿಟ್ಟರು. ಬೇಕಾದಷ್ಟು ಮತ ಬೀಳಲಿಲ್ಲ. ಎಲಾ ತಮ್ಮ ಹೆಸರನ್ನು ಹಿಂದೆ ಪಡೆದು ಹೊರನಡೆದರು. ಮಂಡಳಿ ಅವರ ಸಹಾಯಕ ಜಾನ್ ಶೂಪ್ ಅವರನ್ನು ಆರಿಸಿತು.

ಆದರೆ ಆರು ತಿಂಗಳ ಹಿಂದೆ ಇಲಿನಾಯ್ ರಾಜ್ಯ ಹೆಂಗಸರಿಗೆ ನಗರ ಚುನಾವಣೆಯಲ್ಲಿ ಮತದ ಹಕ್ಕು ಕೊಟ್ಟಿತ್ತು. ಇದನ್ನು ಮಂಡಳಿಯವರು ಲೆಕ್ಕಕ್ಕೆ ಇಟ್ಟಿರಲಿಲ್ಲ, ಮೇಯರ್ ಕಾರ್ಟರ್ ಹ್ಯಾರಿಸನ್ ಇಟ್ಟಿದ್ದರು. ಸಮಾಜಸೇವಕಿ ಜೇನ್ ಆಡಮ್ಸ್ ಮೊದಲಾದವರ ಮುಂದಾಳುತನದಲ್ಲಿ ಮಹಿಳಾ ಸಂಘಗಳು, ತಾಯಂದಿರು, ಶಿಕ್ಷಕಿಯರು ಆಡಿಟೋರಿಯಂ ರಂಗಮಂದಿರದಲ್ಲಿ ಭಾರಿ ಸಭೆ ಸೇರಿದರು. ಸದಸ್ಯರನ್ನು ನೇಮಿಸುವಾಗಲೇ ಮೇಯರ್ ಅವರಿಂದ ರಾಜೀನಾಮೆ ಪತ್ರಗಳನ್ನು ಬರೆಸಿಟ್ಟುಕೊಂಡಿದ್ದರು. ಈಗ ಆ ಕಾಗದಗಳನ್ನು ಹೊರತೆಗೆದು, ಎಲಾಗೆ ವಿರುದ್ಧವಾಗಿದ್ದ ಕೆಲವರ ರಾಜೀನಾಮೆ ಅಂಗೀಕಾರವಾಗಿದೆ ಎಂದುಬಿಟ್ಟರು. ಹೊಸ ಸದಸ್ಯರು ಬಂದರು, ಡಿಸೆಂಬರ್ ಮುಗಿಯುವ ಮೊದಲೇ ಎಲಾ ಮತ್ತೆ ಸೂಪರಿಂಟೆಂಡೆಂಟ್ ಆದರು. ಮೇಯರ್ ಹಿಡಿದ ದಾರಿ ನೇರವಾದದ್ದೆಂದು ಹೇಳಲಾರೆ. ಮುಂಚೆಯೇ ಬರೆಸಿಟ್ಟುಕೊಂಡ ರಾಜೀನಾಮೆ ಇಂದು ಒಳ್ಳೆಯವರ ಪರವಾಗಿ ಬಂದರೆ ನಾಳೆ ಅವರ ಮೇಲೆಯೂ ಬಂದೀತು. ಆದರೂ ಒಬ್ಬ ಟೀಚರಿಗಾಗಿ ಒಂದು ಮಹಾನಗರದ ಹೆಂಗಸರು ಎದ್ದು ನಿಂತ ಆ ಎರಡು ವಾರ ಶಾಲಾ ಇತಿಹಾಸದಲ್ಲಿ ಅಪರೂಪದವು.

ಗೆಲುವು ಬಹುಕಾಲ ಬಾಳಲಿಲ್ಲ. 1915ರ ಸೆಪ್ಟೆಂಬರಿನಲ್ಲಿ ಮಂಡಳಿಯ ಜೇಕಬ್ ಲೋಬ್ ಹೆಸರಿನಲ್ಲಿ ಒಂದು ನಿಯಮ ಬಂತು: ಶಿಕ್ಷಕರ ಒಕ್ಕೂಟಕ್ಕೆ ಸೇರಿದವರಿಗೆ ಶಾಲೆಗಳಲ್ಲಿ ಕೆಲಸವಿಲ್ಲ. ಆ ವರ್ಷದ ಕೊನೆಗೆ, ಎಪ್ಪತ್ತರ ವಯಸ್ಸಿನಲ್ಲಿ, ಎಲಾ ನಿವೃತ್ತರಾದರು. ಅವರ ಜಾಗಕ್ಕೆ ಬಂದದ್ದು ಅದೇ ಶೂಪ್. ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಎಲಾ ಸರಕಾರದ ಸಾಲಪತ್ರಗಳಿಗೆ ಹಣ ಕೂಡಿಸುವ ಮಹಿಳಾ ಸಮಿತಿಯಲ್ಲಿ ದುಡಿಯುತ್ತ ಊರೂರು ತಿರುಗಿದರು. ಇನ್‌ಫ್ಲುಯೆಂಜಾ ಮಾರಿ ಲೋಕವನ್ನೇ ಹಿಡಿದಿದ್ದ ಕಾಲ. 1918ರ ಅಕ್ಟೋಬರ್ 26ರಂದು ವಾಷಿಂಗ್ಟನ್ನಿನಲ್ಲಿ ಅದೇ ಕಾಯಿಲೆಗೆ ತುತ್ತಾಗಿ ತೀರಿಕೊಂಡರು.

ಉಳಿದದ್ದು ಕಾಗದ. ವಿಶ್ವವಿದ್ಯಾಲಯದ ಗ್ರಂಥಮಾಲೆಯಲ್ಲಿ ಬಂದ ತೆಳು ಪುಸ್ತಕಗಳು, ನಾರ್ಮಲ್ ಸ್ಕೂಲಿನಿಂದ ಅವರು ಹೊರಡಿಸಿದ ‘ಎಜುಕೇಷನಲ್ ಬೈ-ಮಂಥ್ಲಿ’ ಪತ್ರಿಕೆ, ಶಿಕ್ಷಣ ಮಂಡಳಿಯ ವಾರ್ಷಿಕ ವರದಿಗಳಲ್ಲಿ ಅವರ ಸಹಿಯ ಪುಟಗಳು. ಅವರು ಬದುಕಿದ್ದಾಗಲೇ, 1916ರಲ್ಲಿ, ಜಾನ್ ಮೆಕ್‌ಮ್ಯಾನಿಸ್ ಜೀವನಚರಿತ್ರೆ ಬರೆದರು. ಓದಲು ಕಲಿತ ಆ ಬಾಲ್ಯದ ಕಥೆ ಸಿಗುವುದು ಅಲ್ಲಿ. ಜಗಳಗಳ ಬಿಸಿ ಬೇಕಾದವರು ಶಿಕಾಗೊ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಕಾದಿಟ್ಟಿರುವ ಶಿಕ್ಷಕರ ಒಕ್ಕೂಟದ ಕಡತಗಳನ್ನು ಬಿಚ್ಚಬೇಕು. ಹೇಲಿ ಬರೆದಿಟ್ಟ ಆತ್ಮಕಥೆ 1982ರವರೆಗೆ ಅಚ್ಚಾಗದೆ ಕಾದಿತ್ತು. ಅದರಲ್ಲಿಯೂ ಎಲಾ ಇದ್ದಾರೆ. ಅಧಿಕಾರಿಯ ವರದಿ ಒಂದು ಕಡೆ, ಕೈಕೆಳಗಿನ ಶಿಕ್ಷಕಿಯರ ದಾಖಲೆ ಇನ್ನೊಂದು ಕಡೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೂ ಒಂದೇ ವ್ಯಕ್ತಿ ಕಾಣುವುದು ಎಷ್ಟು ಅಧಿಕಾರಿಗಳ ವಿಷಯದಲ್ಲಿ ಸಾಧ್ಯ?

ಶಿಕ್ಷಕರ ಮಂಡಳಿಗಳು ಅವರ ನಂತರ ಸೊರಗಿದವು, ಮತ್ತೆ ಚಿಗುರಿದವು. 1924ರಲ್ಲಿ ಸೂಪರಿಂಟೆಂಡೆಂಟ್ ಆಗಿ ಬಂದ ವಿಲಿಯಂ ಮೆಕ್‌ಆಂಡ್ರೂ, ಶಾಲೆಯ ವೇಳೆಯಲ್ಲಿ ಶಿಕ್ಷಕರು ಸಭೆ ಸೇರುವುದನ್ನು ಒಪ್ಪದೆ ಅವನ್ನು ಮುಚ್ಚಿಸಿದರು. ಹೇಲಿ ಮತ್ತು ಅವರ ಒಕ್ಕೂಟ ಅದರ ವಿರುದ್ಧ ಹೋರಾಟಕ್ಕೆ ಇಳಿಯಿತು.